ಹದಿನೈದನೆಯ ಹೆಸರು

ಕಪ್ಪು ಬಣ್ಣ ಬಳಿಯುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಬ್ರಷ್ ಹಿಡಿಯುವ ವಯಸ್ಸಾಗಿಲ್ಲ. ನಮ್ಮ ಬಡಾವಣೆಯ ಶಾಲೆಯಲ್ಲಿ ಹನ್ನೊಂದು ಕರಿಹಲಗೆಗಳಿವೆ. ಹನ್ನೊಂದೂ ನನ್ನ ಕೈಯವು. ಒಂದು ಸಲ ಕಾಗೆಯೊಂದು ಕಿಟಕಿಯ ಮೇಲೆ ಬಂದು ಕೂತು, ನನ್ನ ಹಲಗೆಯನ್ನೂ ತನ್ನ ರೆಕ್ಕೆಯನ್ನೂ ನೋಡಿಕೊಂಡು, ನಾಚಿಕೆಯಿಂದ ಊರೇ ಬಿಟ್ಟುಹೋಯಿತು. ನಂಬದವರು ಆ ಕಾಗೆಯನ್ನು ಹುಡುಕಿ ಕೇಳಬಹುದು.

ಇನ್ನು ನನ್ನ ಅಕ್ಷರದ ಮಾತು ನಾನೇ ಆಡಿದರೆ ಚೆನ್ನಾಗಿರುವುದಿಲ್ಲ, ಆದರೆ ಬೇರೆ ಯಾರೂ ಆಡುವುದಿಲ್ಲವಾದ್ದರಿಂದ ಆಡುತ್ತೇನೆ. ಅಂಗಡಿ ಬೋರ್ಡಿನಲ್ಲಿ ನಾನು ಬರೆದ ಅಕ್ಷರ ನೋಡಿ, ಬೇಡದ ಸಾಮಾನನ್ನೂ ಜನ ಕೊಂಡುಹೋಗಿದ್ದಾರೆ. ಕೊಂಬು ಬಂದ ಕಡೆ ನಾನೊಂದು ಬಾಲ ಎಳೆಯುತ್ತೇನೆ, ಬೆಕ್ಕು ಬಿಸಿಲಿಗೆ ಮೈಮುರಿದ ಹಾಗೆ. ಅದೇ ನನ್ನ ರುಜು. ಶಾಲೆಯ ದೊಡ್ಡ ಹಜಾರದಲ್ಲಿ ‘ನಮ್ಮ ಸನ್ಮಾನಿತರು’ ಎಂಬ ಫಲಕವಿದೆ. ವರ್ಷಕ್ಕೊಂದರಂತೆ ಹದಿನಾಲ್ಕು ಹೆಸರು ಬರೆದವನು ನಾನೇ. ಅದರ ಮೇಲೆ ಇನ್ನೊಬ್ಬನ ಕುಂಚ ತಾಗಬಾರದೆಂದು ಸಮಿತಿಯವರ ತಲೆ ತಿಂದು, ಠರಾವು ಮಾಡಿಸಿ, ಮೊಹರು ಹಾಕಿಸಿಕೊಂಡ ಗಂಡು ನಾನು.

ಇಂಥ ಮಹಾಪುರುಷನಿಗೆ ಒಬ್ಬಳೇ ಅಕ್ಕ.

ಅಕ್ಕ ಹೊಲಿಗೆಯವಳು. ಬೆಳಿಗ್ಗೆ ಎಂಟರಿಂದ ಎರಡರವರೆಗೆ ಮಿಷನ್ ತುಳಿಯುತ್ತಾಳೆ. ಎರಡಾಯಿತೆಂದರೆ ಮದುವಣಗಿತ್ತಿಯ ರವಿಕೆಯೇ ಅರ್ಧಕ್ಕೆ ನಿಂತಿರಲಿ, ಅಂಗಡಿಯ ಬಾಗಿಲೆಳೆದು ಶಾಲೆಗೆ ಹೊರಟಳೇ. ಕುತ್ತಿಗೆಯಲ್ಲಿ ಅಳತೆಯ ಟೇಪು. ಟೇಪಿನ ತುದಿಗೆ ಕಟ್ಟಿದ ಒಂದು ಕೀಲಿ. ಅದು ಶಾಲೆಯ ಮೆಟ್ಟಿಲ ಪಕ್ಕದ ಕೋಣೆಯದು. ಒಂದು ಕಿಟಕಿ, ಒಂದು ಹಲಗೆ, ಒಂಬತ್ತು ಚಿಕ್ಕ ಸ್ಟೂಲು, ಅಷ್ಟೇ ಕೋಣೆ. ತರಗತಿಯಲ್ಲಿ ಓದಲು ಬಾರದೆ ಹಿಂದಿನ ಬೆಂಚಿನಲ್ಲಿ ಪಾಚಿಗಟ್ಟುತ್ತಿರುವ ಮಕ್ಕಳು ಎರಡೂವರೆಗೆ ಅಲ್ಲಿಗೆ ಬರುತ್ತಾರೆ. ಅಕ್ಕ ದಪ್ಪ ಬಟ್ಟೆಯಲ್ಲಿ ಅಕ್ಷರಗಳನ್ನು ಕತ್ತರಿಸಿ, ಅಂಚು ಹೊಲಿದು, ಅವರ ಕೈಗೆ ಕೊಡುತ್ತಾಳೆ. ಮಕ್ಕಳು ಬೆರಳಲ್ಲಿ ಸವರಿ ಸವರಿ ಕಲಿಯುತ್ತಾರೆ. ಇಪ್ಪತ್ತೆರಡು ವರ್ಷವಾಯಿತು. ಸಂಬಳವಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಅವಳ ಹತ್ತಿರ ಓದು ಕಲಿತವರನ್ನು ಸಾಲಾಗಿ ನಿಲ್ಲಿಸಿದರೆ ಸಾಲು ಭೂಮಿಗೆ ಎರಡು ಸುತ್ತು ಬರುತ್ತದೆ. ಹೋಗಲಿ, ಚೌಕಾಸಿ ಬೇಡ, ಒಂದೂವರೆ ಸುತ್ತು ಎಂದಿಟ್ಟುಕೊಳ್ಳಿ.

ಹೀಗಿರುವಾಗ ಈ ವರ್ಷದ ಸನ್ಮಾನಕ್ಕೆ ಅಕ್ಕನ ಹೆಸರು ಸೂಚಿಸಬೇಕೆಂದು ನನಗೆ ಹೊಳೆಯಿತು. ಅವಳಿಗೆ ಹೇಳಲಿಲ್ಲ. ಹೇಳಿದರೆ ಬೇಡವೆನ್ನುತ್ತಾಳೆ. ಅವಳ ಜಾಯಮಾನವೇ ಅದು.

ಸನ್ಮಾನ ಸಮಿತಿಯ ಕಾರ್ಯದರ್ಶಿಗಳಿಗೆ ಊರೆಲ್ಲ ‘ಅಜೆಂಡಾ’ ಎನ್ನುತ್ತದೆ. ಯಾವುದೋ ಕಚೇರಿಯಿಂದ ನಿವೃತ್ತರಾಗಿ ಬಂದವರು. ಮನೆಯಲ್ಲಿ ಊಟಕ್ಕೆ ಕೂರುವ ಮುಂಚೆಯೂ ‘ವಿಷಯ ಒಂದು: ಕೈ ತೊಳೆಯುವುದು’ ಎಂದು ಓದಿ, ಹೆಂಡತಿಯ ಅನುಮೋದನೆ ಪಡೆದೇ ನಲ್ಲಿ ತಿರುಗಿಸುತ್ತಾರಂತೆ. ಶಿಕ್ಷಕರ ಕೊಠಡಿಯಲ್ಲಿ ಅವರೂ, ನಾವೆಲ್ಲ ದೊಡ್ಡ ಮೇಡಂ ಎಂದು ಕರೆಯುವ ಮುಖ್ಯೋಪಾಧ್ಯಾಯಿನಿಯೂ ಕೂತಿದ್ದಾಗ ನುಗ್ಗಿದೆ.

“ಸಾರ್, ಈ ಸಲದ ಸನ್ಮಾನ ನಮ್ಮಕ್ಕನಿಗೆ.”

ಅಜೆಂಡಾ ಕನ್ನಡಕ ತೆಗೆದರು. “ನಿಮ್ಮಕ್ಕನಿಗಾ? ಅವರು ಒಪ್ಪಿದ್ದಾರೇನ್ರೀ?”

“ಅವಳನ್ನ ಯಾರು ಕೇಳ್ತಾರೆ ಸಾರ್! ನಾನು ತಮ್ಮ, ನಾನು ಹೇಳ್ತಿದ್ದೀನಿ.”

ದೊಡ್ಡ ಮೇಡಂ ನಿಟ್ಟುಸಿರು ಬಿಟ್ಟರು. “ಮೊನ್ನೆ ಮೆಟ್ಟಿಲ ಹತ್ರ ಮೊಣಕಾಲು ಹಿಡ್ಕೊಂಡು ನಿಂತಿದ್ರು. ನನಗೂ ಅನ್ನಿಸ್ತು, ಪಾಪ.”

ಆ ‘ಪಾಪ’ದಲ್ಲೇ ನಾನು ಎಚ್ಚರಗೊಳ್ಳಬೇಕಿತ್ತು. ಆದರೆ ಆಗಲೇ ನನ್ನ ತಲೆಯೊಳಗೆ ಅಕ್ಕನ ಕೈಗೆ ಕೊಡುವ ಫಲಕದ ವಿನ್ಯಾಸ ಕುಣಿಯುತ್ತಿತ್ತು. ಅಜೆಂಡಾ ಪುಸ್ತಕ ಬಿಡಿಸಿ ಬರೆದುಕೊಂಡರು. “ಅವಿರೋಧವಾಗಿ ಅಂಗೀಕಾರ. ಫಲಕ ನೀವೇ ಮಾಡ್ಕೊಡಿ. ಹಾಗೇ ಒಂದು ತಗಡಿನ ಬೋರ್ಡು ಬೇಕು, ‘ಕುರ್ಚಿ ದಾಸ್ತಾನು’ ಅಂತ. ಹೊಸ ಕುರ್ಚಿಗಳು ಬರ್ತಿವೆ.”

“ಎರಡೂ ಒಟ್ಟಿಗೆ ತಂದುಕೊಡ್ತೀನಿ ಸಾರ್,” ಎಂದೆ. ಯಾವ ಬಾಗಿಲಿಗೆ ಎಂದು ಕೇಳಲಿಲ್ಲ. ಬಾಗಿಲು ವಿಚಾರಿಸುವುದು ಬಡಗಿಯ ಕೆಲಸ, ನಾನು ಕಲಾವಿದ.

ಫಲಕವೆಂದರೆ ಎಲ್ಲರೂ ಅಂಗೈಯಗಲದ್ದು ಮಾಡುತ್ತಾರೆ. ಮೂರನೇ ದಿನ ಅದು ಟಿವಿಯ ಹಿಂದೆ ಬೀಳುತ್ತದೆ. ನಾನು ಮಾಡಿದ್ದು ಐದಡಿ ಉದ್ದ, ನಾಲ್ಕಡಿ ಅಗಲ. ಗಟ್ಟಿ ಪ್ಲೈವುಡ್ಡು, ಸುತ್ತ ಮರದ ಚೌಕಟ್ಟು, ಮುಂದೆ ಚಿನ್ನದ ಬಣ್ಣದಲ್ಲಿ ಅಕ್ಕನ ಹೆಸರು. ಆ ಚಿನ್ನದ ಹೊಳಪಿಗೆ ಎದುರು ಮನೆಯವರು ಮಧ್ಯಾಹ್ನ ಕಿಟಕಿ ಮುಚ್ಚಿಕೊಂಡರು. ಒಣಗಲೆಂದು ಅಂಗಳದಲ್ಲಿ ನಿಲ್ಲಿಸಿದ್ದಾಗ ನನ್ನ ಹೆಂಡತಿ ಸುತ್ತು ಹಾಕಿ ನೋಡಿದಳು.

“ಬಾಗಿಲು ಚೆನ್ನಾಗಿದೆ. ಚಿಲಕ ಎಲ್ಲಿ?”

“ಅದು ಬಾಗಿಲಲ್ಲ ಕಣೇ, ಸನ್ಮಾನ ಫಲಕ!”

“ಹೌದಾ? ನಿಮ್ಮಕ್ಕನ ಮನೆಗೆ ಇದನ್ನ ಒಳಗೆ ತಗೊಂಡು ಹೋಗ್ಬೇಕಾದ್ರೆ ಅವರ ಬಾಗಿಲು ಕಿತ್ತು ಹೊರಗಿಡ್ಬೇಕು. ಆಗ ಇದನ್ನೇ ಹಾಕ್ಬಹುದು ಬಿಡಿ.”

ಅಂದಿನಿಂದ ಕೇರಿಯಲ್ಲೆಲ್ಲ ಅದಕ್ಕೆ ‘ಬಾಗಿಲು’ ಎಂದೇ ಹೆಸರು.

ಸನ್ಮಾನದ ಪತ್ರ ಅಕ್ಕನ ಅಂಗಡಿಗೆ ಹೋದ ದಿನ ನಾನು ಬೇಕೆಂದೇ ಅಲ್ಲಿ ಸುಳಿದಾಡುತ್ತಿದ್ದೆ. ಆನಂದಬಾಷ್ಪ ಒರೆಸಲೆಂದು ಕರವಸ್ತ್ರವನ್ನೂ ತಂದಿದ್ದೆ. ಅಕ್ಕನ ತುಟಿಗಳ ನಡುವೆ ಗುಂಡುಪಿನ್ನುಗಳಿದ್ದವು. ಪತ್ರ ಓದಿದಳು. ಒಂದೊಂದೇ ಪಿನ್ನು ತೆಗೆದು ಡಬ್ಬಿಗೆ ಹಾಕಿದಳು. ಆರು ಪಿನ್ನು. ಆಮೇಲೆ ಕೇಳಿದಳು.

“ನಾನು ಬಿಡ್ತೀನಿ ಅಂತ ಯಾರಿಗೆ ಹೇಳಿದ್ದೆ ಕಣೋ?”

“ಬಿಡೋದಾ? ಏನು ಬಿಡೋದು ಅಕ್ಕಾ? ಇದು ಸನ್ಮಾನ!”

“ಯಾರ ಕೆಲಸ ಇದು?”

“ನಂದೇ,” ಎಂದು ಎದೆ ಉಬ್ಬಿಸಿದೆ. ಅಂಗಿಯ ಗುಂಡಿ ಕಿತ್ತು ಬೀದಿಗೆ ಹಾರಿತು.

ಅವಳು ನಗಲಿಲ್ಲ. ಅಂಗಡಿ ತೆರೆದಿಟ್ಟೇ ನನ್ನ ತೋಳು ಹಿಡಿದು ಶಾಲೆಯವರೆಗೆ ಎಳೆದುಕೊಂಡು ಹೋದಳು. ಐವತ್ತು ದಾಟಿದವನನ್ನು ಹಾಗೆ ಎಳೆದೊಯ್ಯುವುದನ್ನು ಬೀದಿಯೇ ನಿಂತು ನೋಡಿತು. ಹಜಾರದಲ್ಲಿ ನನ್ನ ಹದಿನಾಲ್ಕು ಹೆಸರಿನ ಫಲಕದ ಮುಂದೆ ನಿಲ್ಲಿಸಿದಳು.

“ಓದು.”

“ಏನು ಓದೋದು? ನಾನೇ ಬರೆದಿದ್ದಲ್ವಾ?”

“ಬರೆದಿದ್ದೀಯ. ಈಗ ಓದು. ಮೊದಲನೆಯವರು ಎಲ್ಲಿದ್ದಾರೆ?”

“ಗಣಿತದ ಮೇಷ್ಟ್ರು. ರಿಟೈರ್ ಆದ್ರಲ್ಲ.”

“ಎರಡು?”

“ಗಂಟೆ ತಾತ. ಕಣ್ಣು ಕಾಣಲ್ಲ ಅಂತ ಮಗ ಕರ್ಕೊಂಡು ಹೋದ.”

“ಮೂರು?”

“ಪುಸ್ತಕದ ಮನೆ ನೋಡ್ಕೊಳ್ತಿದ್ದ ಅತ್ತೆ. ಊರು ಬಿಟ್ರು.” ನಾಲ್ಕನೆಯವರಿಂದ ನಾನೇ ಬೆರಳಿಟ್ಟು ಓದತೊಡಗಿದೆ. ಏಳನೆಯವರು ಹಾಸಿಗೆ ಹಿಡಿದಿದ್ದರು. ಹತ್ತನೆಯವರು ತೀರಿಕೊಂಡಿದ್ದರು.

“ಇವರಲ್ಲಿ ಒಬ್ರು, ಒಬ್ಬೇ ಒಬ್ರು, ಸನ್ಮಾನದ ಮಾರನೇ ದಿನ ಈ ಗೇಟು ದಾಟಿ ಒಳಗೆ ಬಂದಿದ್ರೆ ತೋರಿಸು ನೋಡೋಣ,” ಎಂದಳು ಅಕ್ಕ. “ಹೋಗೋರಿಗೆ ಕೊಡೋದು ಕಣೋ ಇದು! ಈ ಶಾಲೇಲಿ ಮೊದಲಿಂದ ನಡ್ಕೊಂಡು ಬಂದಿರೋದೇ ಹಾಗೆ. ಕಸ ಗುಡಿಸೋ ತಾಯಿಗೂ ಗೊತ್ತು. ಹದಿನಾಲ್ಕು ಸಲ ಏಣಿ ಹತ್ತಿ ಬರೆದವನಿಗೆ ಗೊತ್ತಿಲ್ವಾ?”

“ಬರೆದಿದ್ದೆ ಅಕ್ಕಾ. ಓದಿರಲಿಲ್ಲ.”

“ಇಪ್ಪತ್ತೆರಡು ವರ್ಷ ಊರ ಮಕ್ಕಳಿಗೆಲ್ಲ ಓದು ಕಲಿಸಿದೆ. ಮನೇಲೇ ಒಬ್ಬ ಹೀಗೆ ಉಳ್ಕೊಂಡಿದ್ದಾನೆ ಅಂತ ಗೊತ್ತಾಗ್ಲೇ ಇಲ್ಲ ನೋಡು.” ಆಮೇಲೆ ಟೇಪಿನ ತುದಿಯ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಸಣ್ಣ ದನಿಯಲ್ಲಿ ಹೇಳಿದಳು: “ಕೋಣೆ ಹೋದ್ರೆ ಆ ಒಂಬತ್ತು ಜನ ಮತ್ತೆ ಹಿಂದಿನ ಬೆಂಚಿಗೆ. ಒಬ್ಬಳು ನಿನ್ನೆ ತಾನೇ ‘ಮರ’ ಅಂತ ಓದಿದ್ಲು. ಮೂರು ತಿಂಗಳಾದ ಮೇಲೆ. ಅವಳಿಗೆ ಏನು ಹೇಳ್ಲಿ?”

“ನಾನಿದ್ದೀನಲ್ಲ! ಸಂಜೆಯೊಳಗೆ ರದ್ದು ಮಾಡಿಸ್ತೀನಿ,” ಎಂದೆ. ಪರ್ವತವನ್ನು ಕಿರುಬೆರಳಲ್ಲಿ ಪಕ್ಕಕ್ಕೆ ಸರಿಸುತ್ತೇನೆ ಎಂದಿದ್ದರೆ ಅದಾದರೂ ಆಗುತ್ತಿತ್ತೇನೋ.

ಅಜೆಂಡಾ ನಿಯಮದ ಪುಸ್ತಕ ತೆಗೆದರು. “ರದ್ದು ಮಾಡ್ಬೇಕಂದ್ರೆ ಸಭೆ ಕರೀಬೇಕು. ಸಭೆಗೆ ಹದಿನೈದು ದಿನ ಮುಂಚೆ ನೋಟಿಸು ಕೊಡ್ಬೇಕು. ಸಮಾರಂಭ ಒಂಬತ್ತನೇ ದಿನಕ್ಕಿದೆ.”

“ಹಾಗಾದ್ರೆ ಸನ್ಮಾನ ಮಾಡಿ, ಕೋಣೆ ಬಿಡಿ.”

“ಸನ್ಮಾನ ಆದವರು ಕೋಣೆ ಇಟ್ಕೊಂಡ ಉದಾಹರಣೆ ಇಲ್ಲ.”

“ಅವಳಿಗೆ ಸನ್ಮಾನವೇ ಬೇಡ ಸಾರ್!”

“ಬೇಡ ಅಂದವರ ಉದಾಹರಣೆಯೂ ಇಲ್ಲ.”

“ಈಗ ಒಂದು ಆಯ್ತಲ್ಲ ಸಾರ್, ಬರ್ಕೊಳ್ಳಿ!”

“ಬರ್ಕೊಳ್ಳೋಕೆ ಸಭೆ ಸೇರಬೇಕಲ್ರೀ.”

ದೊಡ್ಡ ಮೇಡಂ ಹತ್ತಿರ ಓಡಿದೆ. ಅವರು ಕೆಟ್ಟವರಲ್ಲ, ಅದೇ ನನ್ನ ಕರ್ಮ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ನನ್ನನ್ನು ಕೂರಿಸಿ, ನೀರು ಕೊಟ್ಟು, ತಲೆಯಾಡಿಸುತ್ತಾ ಕೇಳಿದರು.

“ಅವಳು ಬಿಡ್ತಿಲ್ಲ ಮೇಡಂ. ನಾನು ತಪ್ಪು ತಿಳ್ಕೊಂಡು ಹೆಸರು ಕೊಟ್ಟೆ. ಅವಳಿಗೆ ಇನ್ನೂ ಹತ್ತು ವರ್ಷ ದುಡಿಯೋ ಕಸುವಿದೆ.”

“ಎಲ್ರೂ ಹೀಗೇ ಹೇಳೋದು. ಗಣಿತದ ಮೇಷ್ಟ್ರು ಕೂಡ ಕಂಬ ತಬ್ಕೊಂಡು ಅತ್ತಿದ್ರು. ಬಿಡೋವಾಗ ಸಂಕಟ ಆಗೇ ಆಗತ್ತೆ. ಇನ್ನೊಂದು ಲೋಟ ನೀರು ಕುಡೀರಿ.”

ಒಂಬತ್ತು ದಿನದಲ್ಲಿ ನಲವತ್ತು ಸಲ ಹೋದೆ. ಚಪ್ಪಲಿ ಸವೆದು ಹಪ್ಪಳದಷ್ಟಾಯಿತು. ದೊಡ್ಡ ಮೇಡಂ ಕುಡಿಸಿದ ನೀರಿನಲ್ಲಿ ಒಂದು ಕೆರೆ ತುಂಬಿಸಬಹುದಿತ್ತು. ಅಕ್ಕನೂ ತಾನೇ ಹೋಗಿ ಎರಡು ಸಲ ಹೇಳಿದಳು. ಎರಡು ಸಲವೂ ಅವಳ ಬೆನ್ನು ತಟ್ಟಿ ಕಳಿಸಿದರು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ಗೋಡೆಯಾಗಿದ್ದರೆ ಒಂದಿಷ್ಟು ಸುಣ್ಣವಾದರೂ ಉದುರುತ್ತಿತ್ತು.

ಸಮಾರಂಭದ ದಿನ ಬಂತು. ಅಂಗಳದಲ್ಲಿ ಇನ್ನೂರು ಹೊಸ ಪ್ಲಾಸ್ಟಿಕ್ ಕುರ್ಚಿ. ಅತಿಥಿಯೊಬ್ಬರು ಶಿಕ್ಷಣದ ಮಹತ್ವ ಕುರಿತು ಎಷ್ಟು ಹೊತ್ತು ಮಾತಾಡಿದರೆಂದರೆ, ಅವರು ಶುರು ಮಾಡುವಾಗ ಎರಡನೇ ತರಗತಿಯಲ್ಲಿದ್ದ ಮಕ್ಕಳು ಅವರು ಮುಗಿಸುವಷ್ಟರಲ್ಲಿ ಮೂರಕ್ಕೆ ತೇರ್ಗಡೆಯಾಗಿದ್ದರು. ‘ಬಾಗಿಲ’ನ್ನು ನಾಲ್ಕು ಜನ ಹೊತ್ತು ವೇದಿಕೆಗೆ ತಂದರು. ಅದರ ಹಿಂದೆ ಅಕ್ಕ ಪೂರ್ತಿ ಮರೆಯಾಗಿ, ಪಾದ ಮಾತ್ರ ಕಾಣಿಸಿತು. ಜನ ನಕ್ಕರು. ನಾನು ತಲೆ ತಗ್ಗಿಸಿದೆ. ನನ್ನ ಆಯುಷ್ಯದಲ್ಲಿ ತಲೆ ತಗ್ಗಿಸಿದ್ದು ಅದೇ ಮೊದಲು. ಕುತ್ತಿಗೆಗೆ ಅಭ್ಯಾಸವಿಲ್ಲದೆ ಲಟಕ್ಕೆಂದಿತು.

ಆ ಶಾಲೆಯಲ್ಲಿ ಇನ್ನೊಂದು ರೂಢಿ. ಸನ್ಮಾನವಾದವರು ತಮ್ಮ ಕೆಲಸದ ಒಂದು ವಸ್ತುವನ್ನು ವೇದಿಕೆಯ ಮೇಲೆ ವಾಪಸು ಕೊಡಬೇಕು. ಗಣಿತದ ಮೇಷ್ಟ್ರು ಚಾಕ್‌ಪೀಸಿನ ಡಬ್ಬಿ ಕೊಟ್ಟಿದ್ದರು, ಗಂಟೆ ತಾತ ಸುತ್ತಿಗೆ ಕೊಟ್ಟಿದ್ದ. ಅಜೆಂಡಾ ಕೀಲಿಗಾಗಿ ಕೈ ಚಾಚಿದರು. ಅಕ್ಕ ಟೇಪನ್ನು ಕುತ್ತಿಗೆಗೆ ಇನ್ನೊಂದು ಸುತ್ತು ಸುತ್ತಿಕೊಂಡು ಮೈಕಿನ ಮುಂದೆ ಬಂದಳು.

“ನಾನು ಎಲ್ಲೂ ಹೋಗ್ತಿಲ್ಲ. ನಾಳೆ ಎರಡೂವರೆಗೆ ಬರ್ತೀನಿ. ಕೋಣೆ ನನಗೆ ಬೇಕು. ಇಷ್ಟೇ ನನ್ನ ಭಾಷಣ.”

ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ನೀವೇ ಹೇಳಿ. ಅಂಗಳದ ತುಂಬ ಚಪ್ಪಾಳೆ ಎಂದರೆ ಚಪ್ಪಾಳೆ! ಅತಿಥಿಗಳು ಎದ್ದು ನಿಂತರು. ದೊಡ್ಡ ಮೇಡಂ ಕಣ್ಣೊರೆಸಿಕೊಂಡರು. ಅಜೆಂಡಾ ಮೈಕು ಕಸಿದುಕೊಂಡು, “ನೋಡಿ, ಅವರ ಮನಸ್ಸು ಎಂದೆಂದಿಗೂ ಇಲ್ಲೇ ಇರುತ್ತೆ!” ಎಂದು ಗದ್ಗದಿತರಾದರು. ಅಕ್ಕ, “ಮನಸ್ಸಲ್ಲ ಸಾರ್, ನಾನು! ನಾನೇ ಬರ್ತೀನಿ!” ಎಂದು ಕೂಗಿದಳು. ಚಪ್ಪಾಳೆ ಇನ್ನೂ ಜೋರಾಯಿತು.

ಮಾರನೇ ದಿನ ಎರಡೂವರೆಗೆ ನಾನೂ ಅವಳ ಹಿಂದೆ ಹೋದೆ. ಒಂಬತ್ತು ಮಕ್ಕಳು ಕೋಣೆಯ ಮುಂದೆ ನಿಂತಿದ್ದರು. ಬಾಗಿಲಿಗೆ ಹೊಸ ಬೀಗ. ಕಿಟಕಿಯಲ್ಲಿ ಇಣುಕಿದರೆ ನೆಲದಿಂದ ಸೂರಿನವರೆಗೆ ಕುರ್ಚಿಯ ಮೇಲೆ ಕುರ್ಚಿ. ಒಂಬತ್ತು ಸ್ಟೂಲುಗಳೂ, ಗೋಡೆಯ ಹಲಗೆಯೂ ಆ ಕುರ್ಚಿಗಳ ಹಿಂದೆ ಎಲ್ಲೋ ಹೂತುಹೋಗಿದ್ದವು. ಬಾಗಿಲ ಮೇಲೆ ಒಂದು ತಗಡು. ಮೊನ್ನೆ ‘ಮರ’ ಓದಿದ್ದ ಹುಡುಗಿ ಆ ತಗಡಿನ ಕೆಳಗೆ ನಿಂತು, ಗಾಳಿಯಲ್ಲಿ ಬೆರಳಾಡಿಸುತ್ತಾ ಓದತೊಡಗಿದಳು.

“ಕು... ಕುರ್... ಕುರ್ಚಿ. ದಾ... ದಾಸ್...”

ಅಕ್ಕನ ಮುಖ ಅರಳಿತು, ಮರುಕ್ಷಣವೇ ಬಾಡಿತು. ನಿಧಾನವಾಗಿ ನನ್ನ ಕಡೆ ತಿರುಗಿದಳು.

“ಈ ಬೆಕ್ಕಿನ ಬಾಲದ ‘ಕು’ ಯಾರ್ದೋ?”

ಕುಂಚ ಹಿಡಿಯುವ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ. “ಯಾವ ಬಾಗಿಲಿಗೆ ಅಂತ ಕೇಳಿರಲಿಲ್ಲ ಅಕ್ಕಾ.”

“ಕೇಳಲ್ಲ. ಓದಲ್ಲ. ಬರೀತೀಯ, ಅಷ್ಟೇ.” ಅವಳು ಕೂಗಿದ್ದರೆ ಚೆನ್ನಾಗಿತ್ತು. ಕೂಗಲಿಲ್ಲ. ಮಕ್ಕಳನ್ನು ಮೆಟ್ಟಿಲ ಕೆಳಗಿನ ಜಾಗಕ್ಕೆ ಕರೆದೊಯ್ದು ನೆಲದ ಮೇಲೆ ಕೂರಿಸಿದಳು. “ಹೋಗು. ಆ ನಿನ್ನ ಬಾಗಿಲು ತಗೊಂಡು ಬಾ.”

ಅಕ್ಕನ ಮನೆಯ ಗೋಡೆಗೆ ಒರಗಿಸಿಟ್ಟಿದ್ದ ಬಾಗಿಲನ್ನು ಒಬ್ಬನೇ ತಲೆಯ ಮೇಲೆ ಹೊತ್ತು ತಂದೆ. ದಾರಿಯಲ್ಲಿ ಸಿಕ್ಕವರೆಲ್ಲ “ಮನೆ ಬದಲಾಯಿಸ್ತಿದ್ದೀರಾ?” ಎಂದು ಕೇಳಿದರು. ಅಕ್ಕ ಅದನ್ನು ತಿರುಗಿಸಿ, ಚಿನ್ನದ ಮುಖ ಗೋಡೆಗೆ ಮಾಡಿ, ಬರಿಯ ಮರದ ಬೆನ್ನು ತೋರಿಸಿದಳು.

“ಬಳಿ. ಕಾಗೆ ಊರು ಬಿಡ್ಬೇಕು ಹಾಗೆ ಬಳಿ.”

ಬಳಿದೆ. ಜೀವಮಾನದಲ್ಲೇ ಅಷ್ಟು ಕಪ್ಪು ಬಳಿದಿರಲಿಲ್ಲ. ಮುಗಿಸಿ, “ಒಣಗೋಕೆ ಎರಡು ದಿನ ಬೇಕಕ್ಕಾ,” ಎಂದೆ.

“ಒಣಗೋತನಕ ನೀನೇ ಹಲಗೆ. ನಿಂತ್ಕೋ.”

ಡಬ್ಬಿಯಿಂದ ಗುಂಡುಪಿನ್ನು ತೆಗೆದು, ಬಟ್ಟೆಯ ಅಕ್ಷರಗಳನ್ನು ನನ್ನ ಅಂಗಿಗೆ ಚುಚ್ಚತೊಡಗಿದಳು. ಹೊಟ್ಟೆಯ ಮೇಲೆ ‘ಗ’, ಎದೆಯ ಮೇಲೆ ‘ಮ’, ಬೆನ್ನಿಗೆ ‘ಳ’. ಎರಡು ದಿನ, ದಿನಕ್ಕೆ ಎರಡು ತಾಸು, ಒಂಬತ್ತು ಮಕ್ಕಳು ಸರದಿಯಲ್ಲಿ ಬಂದು ನನ್ನನ್ನು ಸವರಿ ಓದಿದರು. ಕಚಗುಳಿಗೆ ಪ್ರಾಣ ಹೋಗುವುದೊಂದು ಬಾಕಿ. ನಕ್ಕರೆ ‘ಗ’ ಕುಣಿಯುತ್ತಿತ್ತು. “ಹಲಗೆ ಅಲ್ಲಾಡಬಾರದು!” ಎಂದು ಅಕ್ಕ ಗದರುತ್ತಿದ್ದಳು. ಕೆಲವು ಪಿನ್ನುಗಳು ಅಂಗಿ ದಾಟಿ ಒಳಗೂ ಬಂದವು. ಅವು ಕೈತಪ್ಪಿ ಬಂದವಲ್ಲ ಎಂದೇ ನನ್ನ ಅನುಮಾನ.

ದೊಡ್ಡ ಮೇಡಂ ಆ ದಾರಿಯಲ್ಲೇ ದಿನಾ ಹತ್ತಿ ಇಳಿಯುತ್ತಾರೆ. ಮೊದಲ ದಿನ ನಿಂತು, “ಅಯ್ಯೋ, ಇನ್ನೂ ಬರ್ತಿದ್ದೀರಾ? ಎಷ್ಟು ಪ್ರೀತಿ!” ಎಂದರು. “ಕೋಣೆ ಕೊಡಿ ಮೇಡಂ,” ಎಂದಳು ಅಕ್ಕ. “ನೋಡೋಣ, ಸಮಿತಿ ಹೇಳ್ಬೇಕಲ್ಲ,” ಎಂದು ಮೆಟ್ಟಿಲು ಹತ್ತಿದರು. ಮೂರು ವಾರವಾಯಿತು, ಇನ್ನೂ ನೋಡುತ್ತಲೇ ಇದ್ದಾರೆ.

ಕಳೆದ ವಾರ ನಾನು ಹಲಗೆಯ ಅಂಚಿಗೆ ಕಪ್ಪು ತೀಡುತ್ತಿದ್ದಾಗ ಅಜೆಂಡಾ ನೇರವಾಗಿ ಮೆಟ್ಟಿಲ ಕೆಳಗೇ ಬಂದರು. ಕಂಕುಳಲ್ಲಿ ಕಡತ.

“ಏನ್ರೀ, ಹಜಾರದ ಫಲಕದಲ್ಲಿ ಹದಿನೈದನೇ ಹೆಸರು ಬರೆದಿಲ್ಲ ನೀವು.”

“ಬರೀದಿದ್ರೆ ಏನಾಗತ್ತೆ ಸಾರ್?”

“ಏನಾಗತ್ತೆ ಅಂದ್ರೆ? ಹೆಸರು ಫಲಕಕ್ಕೆ ಏರಿದ್ರೇ ಸನ್ಮಾನ ಮುಗಿದ ಲೆಕ್ಕ. ಅಲ್ಲೀವರೆಗೂ ಕಡತ ಮುಚ್ಚೋಕಾಗಲ್ಲ. ಕಡತ ಮುಚ್ಚದೆ ಇವರನ್ನ,” ಅಕ್ಕನ ಕಡೆ ಕೈ ತೋರಿಸಿದರು, “ಬರಬೇಡಿ ಅಂತ ಬರವಣಿಗೇಲಿ ಹೇಳೋಕೂ ಆಗಲ್ಲ.”

ಮಕ್ಕಳ ಓದು ನಿಂತಿತ್ತು. ಅಕ್ಕ ಚಾಕ್‌ಪೀಸು ಹಿಡಿದ ಕೈಯನ್ನು ಹಲಗೆಯ ಮೇಲೇ ಇಟ್ಟು, ತಿರುಗದೆ ನಿಂತಿದ್ದಳು.

“ಬೇರೆ ಪೇಂಟರ್ ಕೈಲಿ ಬರೆಸಿ ಸಾರ್,” ಎಂದೆ.

“ಬರೆಸೋ ಹಾಗಿಲ್ಲ ಅಂತ ನೀವೇ ತಾನೇ ಠರಾವು ಮಾಡಿಸಿರೋದು? ಇಲ್ಲಿದೆ ನೋಡಿ, ಮೊಹರು ಸಮೇತ. ಅದನ್ನ ತಿದ್ದೋಕೆ ಸರ್ವಸದಸ್ಯರ ಸಭೆ ಆಗ್ಬೇಕು. ಅದು ಮುಂದಿನ ವರ್ಷ. ಸುಮ್ನೆ ಬಂದು ಬರೆದುಕೊಡಿ, ಅರ್ಧ ಗಂಟೆ ಕೆಲಸ.”

ಏಳು ಸಮುದ್ರದ ಆಚೆಗೂ ನನ್ನಂಥ ಅಕ್ಷರ ಬರೆಯುವವನಿಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನಾನು ಬರೆದ ‘ಮಳೆ’ ನೋಡಿ ಜನ ಛತ್ರಿ ಬಿಚ್ಚಿದ್ದಾರೆ. ಅದನ್ನೆಲ್ಲ ಒಂದು ಕ್ಷಣ ನುಂಗಿಕೊಂಡೆ. ಗಂಟಲಲ್ಲಿ ಆನೆ ಇಳಿದಷ್ಟು ಕಷ್ಟವಾಯಿತು.

“ನನಗೆ ಬರೆಯೋಕೆ ಬರಲ್ಲ ಸಾರ್.”

“ಏನಂದ್ರಿ?”

“ಅಕ್ಷರ ಬರಲ್ಲ. ಯಾವತ್ತೂ ಬಂದಿಲ್ಲ.”

“ಮತ್ತೆ ಈ ಹದಿನಾಲ್ಕು ಹೆಸರು?”

“ಹೇಗೋ ಆಗಿಹೋಗಿದೆ ಸಾರ್. ನಂಗೊತ್ತಿಲ್ಲ.”

ಅಜೆಂಡಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕಡತ ಬಿಡಿಸಿ, ನಿಂತಲ್ಲೇ ಒಂದು ಸಾಲು ಬರೆದರು. “ಪೇಂಟರಿಗೆ ಅಕ್ಷರ ಬಾರದ ಕಾರಣ ವಿಷಯ ಮುಂದೂಡಲಾಗಿದೆ,” ಎಂದು ಗಟ್ಟಿಯಾಗಿ ಓದಿ ನನ್ನ ರುಜು ಕೇಳಿದರು. ಹೆಬ್ಬೆಟ್ಟು ಒತ್ತಿದೆ. ಬೆರಳಿಗೆ ಕಪ್ಪು ಬಣ್ಣ ಮೊದಲೇ ಇತ್ತು.

ಅವರು ಹೋದ ಮೇಲೂ ಅಕ್ಕ ಹಲಗೆಯ ಕಡೆಗೇ ಮುಖ ಮಾಡಿದ್ದಳು.

“ಬರಲ್ಲ ಅಂದ್ಯಲ್ಲ, ಕೇಳಿಸ್ತು,” ಎಂದಳು. “ಬರದೇ ಇರೋರು ಎರಡೂವರೆಗೆ ಬರ್ಬೇಕು. ತಡವಾಗಿ ಬಂದ್ರೆ ಸೇರಿಸ್ಕೊಳ್ಳಲ್ಲ. ಕೂತ್ಕೋ.”

ಎಲ್ಲಿ ಕೂರುವುದು? ಗೋಡೆಯ ಆ ಕಡೆ ಬೀಗದೊಳಗೆ ಇನ್ನೂರು ಕುರ್ಚಿಗಳಿವೆ, ಸಮಾರಂಭದ ದಿನ ಬಿಟ್ಟರೆ ಒಂದರ ಮೇಲೂ ಯಾರೂ ಕೂತಿಲ್ಲ. ಈ ಕಡೆ ಸಿಮೆಂಟಿನ ನೆಲದ ಮೇಲೆ ಒಂಬತ್ತು ಜನ. ‘ಮರ’ದ ಹುಡುಗಿ ಸ್ವಲ್ಪ ಸರಿದು ಜಾಗ ಕೊಟ್ಟಳು.